ಸೋಡಚೀಟಿಯ ನಂತರ ಪೋಟಗಿ ಮತ್ತು ಜಂಟಿ ಸಾಲ

ಗಂಡಹೆಂಡಿರು ಕೋರ್ಟಿನ ಮುಖಾಂತರ ಬೇರೆಯಾದರೂ ಅವರ ನಡುವಿನ ಲೆಕ್ಕ ಅಂದಿಗೇ ಮುಗಿಯುವುದಿಲ್ಲ. ನಮ್ಮ ವಾಚನಾಲಯಕ್ಕೆ ಇಂಗ್ಲಿಷ್ ಅಥವಾ ಮರಾಠಿ ಕಾಗದ ಓದಿಸಿಕೊಳ್ಳಲು ಬರುವ ಬಂಧುಗಳ ಕೈಯಲ್ಲಿ ಎರಡು ಬಗೆಯವು ಮತ್ತೆ ಮತ್ತೆ ಕಾಣುತ್ತವೆ. ಒಂದು, ಪೋಟಗಿ ಬಾಕಿಗಾಗಿ ಬಂದ ಕೋರ್ಟಿನ ನೋಟೀಸು. ಇನ್ನೊಂದು, ಜಂಟಿ ಸಾಲದ ಹಪ್ತೆ ತಪ್ಪಿದ್ದಕ್ಕೆ ಬ್ಯಾಂಕಿನದು. ಒಂದನ್ನು ಇನ್ನೊಂದರಲ್ಲಿ ವಜಾ ಮಾಡಿಕೊಳ್ಳಬಹುದೆಂಬ ಭ್ರಮೆಯೇ ಬಹಳ ಸಲ ಎರಡಕ್ಕೂ ಮೂಲ. ನಾವು ವಕೀಲರಲ್ಲ, ಮಿಲ್ಲಿನ ಪಗಾರದ ಖಾತೆ ಬರೆಯುವವರು. ಆದರೆ ಕೋರ್ಟಿನ ಜಪ್ತಿ ಹುಕುಂ ಕೊನೆಗೆ ಬಂದು ಮುಟ್ಟುವುದು ನಮ್ಮಂಥ ಕಾರಕೂನರ ಮೇಜಿಗೇ ಆದ್ದರಿಂದ ತಿಳಿದಷ್ಟನ್ನು ಬರೆಯುತ್ತಿದ್ದೇವೆ.

ಪೋಟಗಿ, ಅಂದರೆ ಜೀವನಾಂಶ, ಕೇಳಲು ಹಿಂದೂಗಳಿಗೆ 1955ರ ವಿವಾಹ ಕಾಯಿದೆಯ ದಾರಿಯುಂಟು. ದಾವೆ ನಡೆದಿರುವಾಗ 24ನೆಯ ಕಲಮು, ತೀರ್ಪಿನ ನಂತರಕ್ಕೆ 25ನೆಯದು. ಎಲ್ಲ ಧರ್ಮದವರಿಗೂ ಇರುವ ಇನ್ನೊಂದು ದಾರಿ ಹಿಂದೆ ದಂಡ ಪ್ರಕ್ರಿಯೆ ಸಂಹಿತೆಯ 125ನೆಯ ಕಲಮಾಗಿತ್ತು. 1 ಜುಲೈ 2024ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮು. ಸೋಡಚೀಟಿ ಆಗಿ ಮರುಮದುವೆಯಾಗದ ಹೆಂಗಸೂ ಇದರಡಿ ಕೇಳಬಹುದು. ಮುಸ್ಲಿಂ ಸೋದರಿಯರಿಗೂ ಈ ದಾರಿ ತೆರೆದಿದೆಯೆಂದು ಸುಪ್ರೀಂ ಕೋರ್ಟು 2024ರ ಜುಲೈಯಲ್ಲಿ ಸ್ಪಷ್ಟಪಡಿಸಿತು. ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚು ಕೊಡಿಸುವಂತಿಲ್ಲ ಎಂಬ ಹಳೆಯ ಮಿತಿ 2001ರಲ್ಲಿಯೇ ಹೋಯಿತು. ಆದರೂ ಊರ ಹಿರಿಯರು ಕೆಲವರು ಅದನ್ನೇ ಹೇಳುತ್ತ ಕೂತಿರುತ್ತಾರೆ.

ಪರಸ್ಥಳದಲ್ಲಿ ದುಡಿಯುವವರು ಗಮನಿಸಬೇಕಾದ್ದು ಇನ್ನೊಂದುಂಟು. ಹೆಂಡತಿ ತವರಿಗೆ ಹೋಗಿ ಗದಗಿನಲ್ಲಿ ವಾಸವಾಗಿದ್ದರೆ ಅಲ್ಲಿಯ ಕೋರ್ಟಿನಲ್ಲಿಯೇ ಅರ್ಜಿ ಹಾಕಬಹುದು. "ನಾನು ಮುಂಬಯಿಯಲ್ಲಿದ್ದೇನೆ, ನನಗೇನು" ಎಂದು ಸಮನ್ಸನ್ನು ಗೂಟಕ್ಕೆ ಸಿಕ್ಕಿಸಿಟ್ಟರೆ ಏಕಪಕ್ಷೀಯ ಹುಕುಂ ಆಗುತ್ತದೆ. ಅದನ್ನು ತೆಗೆಸಬೇಕಾದರೆ ಮೂರು ತಿಂಗಳೊಳಗೆ ಯೋಗ್ಯ ಕಾರಣ ತೋರಿಸಬೇಕು.

ಎಷ್ಟು ಕೊಡಬೇಕು? ನಿವ್ವಳ ಪಗಾರದ ಕಾಲುಭಾಗವೆಂಬ ಮಾತು 1970ರ ಮತ್ತು 2017ರ ಸುಪ್ರೀಂ ಕೋರ್ಟಿನ ತೀರ್ಪುಗಳಲ್ಲಿ ಬಂದಿದೆ. ಅದು ಅಳತೆಗೋಲು, ಕಟ್ಟುನಿಟ್ಟಿನ ನಿಯಮವಲ್ಲ. 2020ರ ನವೆಂಬರದ ರಜನೇಶ ವಿರುದ್ಧ ನೇಹಾ ತೀರ್ಪಿನ ಮೇಲಿಂದ, ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರ ಕೊಡಬೇಕು. ಪೋಟಗಿಯ ಎಣಿಕೆ ಅರ್ಜಿ ಹಾಕಿದ ದಿನದಿಂದಲೇ ಹಿಡಿಯುತ್ತದೆ. ದಾವೆ ಎರಡು ವರ್ಷ ಎಳೆದರೆ ಆ ಎರಡು ವರ್ಷದ ಮೊತ್ತ ಒಮ್ಮೆಗೇ ತಲೆಯ ಮೇಲೆ ಬೀಳುತ್ತದೆ. ಎರಡು ಕಾಯಿದೆಗಳಡಿ ಎರಡು ಹುಕುಂ ಆಗಿದ್ದರೆ ಮೊದಲನೆಯದನ್ನು ಎರಡನೆಯ ಕೋರ್ಟಿಗೆ ತಿಳಿಸಬೇಕು. ಆಗ ಹೊಂದಾಣಿಕೆ ಮಾಡುತ್ತಾರೆ.

ಇನ್ನು ಸಾಲದ ಮಾತು. "ಸೊಸಾಯಿಟಿಯ ಸಾಲ, ಮೋಟಾರು ಸೈಕಲ್ಲಿನ ಹಪ್ತೆ ಕಳೆದರೆ ಕೈಗೆ ಬರುವುದು ಆರು ಸಾವಿರವೇ ಸ್ವಾಮಿ" ಎಂಬ ವಾದವನ್ನು ಕೋರ್ಟುಗಳು ಸುಲಭವಾಗಿ ಒಪ್ಪುವುದಿಲ್ಲ. ಕಾಯಿದೆಯ ಪ್ರಕಾರ ಕಡ್ಡಾಯವಾಗಿ ಮುರಿಯುವ ಆದಾಯ ತೆರಿಗೆ, ಪ್ರಾವಿಡೆಂಟ್ ಫಂಡು ಬೇರೆ; ತಾನಾಗಿ ತೆಗೆದ ಸಾಲ ಬೇರೆ. ನೋಟೀಸು ಬಂದ ಮೇಲೆ ತೆಗೆದ ಸಾಲವನ್ನಂತೂ ನ್ಯಾಯಾಧೀಶರು ಸಂಶಯದಿಂದಲೇ ನೋಡುತ್ತಾರೆ. ಅದು ಸರಿಯೇ ಎಂದು ನಮ್ಮ ಅಭಿಪ್ರಾಯ.

ಜಂಟಿ ಸಾಲದಲ್ಲಿ ಮೋಸ ಹೋಗುವವರು ಹೆಚ್ಚಾಗಿ ಹೆಂಗಸರು. ಬದಲಾಪುರದಲ್ಲೋ ವಸಯಿಯಲ್ಲೋ ಇಬ್ಬರ ಹೆಸರಿನಲ್ಲಿ ಒಂದು ಖೋಲಿ ಕೊಂಡಿದ್ದಾರೆನ್ನಿ. ಒಪ್ಪಿಗೆಯ ಸೋಡಚೀಟಿಯಲ್ಲಿ "ಸಾಲವನ್ನು ಗಂಡನೇ ತೀರಿಸತಕ್ಕದ್ದು" ಎಂದು ಬರೆದರು. ಆರು ತಿಂಗಳು ಕಟ್ಟಿ ಆತ ನಿಲ್ಲಿಸಿದ. ಬ್ಯಾಂಕು ಆಕೆಯ ಬೆನ್ನು ಹತ್ತಿತು. ಆಕೆ ತೀರ್ಪಿನ ನಕಲು ತೋರಿಸಿದರೆ ಬ್ಯಾಂಕು ಕೇಳಬೇಕಾಗಿಲ್ಲ. ಏಕೆಂದರೆ ಆ ಒಪ್ಪಂದದಲ್ಲಿ ಬ್ಯಾಂಕು ಸೇರಿರಲಿಲ್ಲ. 1872ರ ಕರಾರು ಕಾಯಿದೆಯ 43ನೆಯ ಕಲಮಿನಂತೆ, ಇಬ್ಬರು ಕೂಡಿ ಸಹಿ ಮಾಡಿದ ಸಾಲದ ಪೂರ್ತಿ ಹಣವನ್ನು ಯಾರೊಬ್ಬರಿಂದಲೂ ವಸೂಲು ಮಾಡಬಹುದು. ಕಟ್ಟಿದಾಕೆ ನಂತರ ಗಂಡನಿಂದ ಕೇಳಬಹುದು, ನಿಜ. ಆದರೆ ಅದು ಇನ್ನೊಂದು ದಾವೆ, ಇನ್ನಷ್ಟು ವರ್ಷ. ಆದ್ದರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಬ್ಯಾಂಕಿಗೆ ಹೋಗಿ, ಸಾಲವನ್ನು ಒಬ್ಬರ ಹೆಸರಿಗೆ ಮಾಡಿ ಇನ್ನೊಬ್ಬರನ್ನು ಬಿಡುಗಡೆ ಮಾಡಿದ ಪತ್ರವನ್ನು ಬರವಣಿಗೆಯಲ್ಲಿ ಪಡೆಯಬೇಕು. ಬ್ಯಾಂಕು ಒಪ್ಪದಿದ್ದರೆ ಖೋಲಿ ಮಾರಿ ಸಾಲ ಮುಗಿಸುವುದೇ ಲೇಸು. ಜಾಮೀನು ನಿಂತವರ ಗತಿಯೂ ಇದೇ. ಸೋಡಚೀಟಿಯಿಂದ ಜಾಮೀನು ಬಿಡುವುದಿಲ್ಲ. ಸಹಿಯನ್ನೇ ಮಾಡದ ಹೆಂಡತಿಯ ಬಾಗಿಲಿಗೆ ಗಂಡನ ಕೈಸಾಲದವನು ಬಂದರೆ ಮಾತ್ರ ಆಕೆ ಹೆದರಬೇಕಾಗಿಲ್ಲ. ಮದುವೆಯಾದ ಮಾತ್ರಕ್ಕೆ ಗಂಡನ ಸಾಲ ಹೆಂಡತಿಯದಾಗುವುದಿಲ್ಲ. (ಗೋವೆಯಲ್ಲಿ ಕಾಯಿದೆ ಬೇರೆ, ಅಲ್ಲಿಯ ಬಂಧುಗಳು ಸ್ಥಳೀಯ ವಕೀಲರನ್ನು ಕೇಳಬೇಕು.) ಆಕೆಯ ಬಂಗಾರವನ್ನು ಗಂಡ ಅಡವಿಟ್ಟಿದ್ದರೆ ಅದು ಸ್ತ್ರೀಧನ, ಹಿಂದಿರುಗಿಸುವ ಹೊಣೆ ಅವನದು.

ಪೋಟಗಿ ತಪ್ಪಿದರೆ ಪಗಾರದ ಜಪ್ತಿ ಬರಬಹುದು, ತಪ್ಪಿದ ಪ್ರತಿ ತಿಂಗಳಿಗೆ ಒಂದು ತಿಂಗಳವರೆಗೆ ಸೆರೆಯೂ ಆಗಬಹುದು. ಸೆರೆವಾಸದಿಂದ ಬಾಕಿ ತೀರುವುದಿಲ್ಲ, ಹೊರಬಂದ ಮೇಲೂ ಕೊಡಲೇಬೇಕು. ಬಾಕಿಗೆ ವಾರಂಟು ಕೇಳುವವರು ಒಂದು ವರ್ಷದೊಳಗೆ ಕೇಳಬೇಕು. ಜಪ್ತಿಯ ಲೆಕ್ಕ ಹೀಗೆ: 25,000 ಪಗಾರದವನ ಮೇಲೆ ಸಾಮಾನ್ಯ ಸಾಲದ ಡಿಕ್ರಿ ಇದ್ದರೆ ಮೊದಲಿನ 1,000 ಬಿಟ್ಟು ಉಳಿದುದರ ಮೂರನೆಯ ಒಂದು ಭಾಗ, ಅಂದರೆ 8,000 ಮಾತ್ರ ಹಿಡಿಯಬಹುದು. ಪೋಟಗಿಯ ಡಿಕ್ರಿಯಾದರೆ ಮೂರನೆಯ ಒಂದು ಭಾಗ ಬಿಟ್ಟು ಮಿಕ್ಕದ್ದು, ಅಂದರೆ 16,666ರವರೆಗೆ. ಸಾಲಗಾರನಿಗಿಂತ ಹೆಂಡತಿಮಕ್ಕಳ ಅನ್ನ ದೊಡ್ಡದೆಂದು ಕಾಯಿದೆಯೇ ಬರೆದಿಟ್ಟಿದೆ.

ನೌಕರಿ ಹೋದರೆ, ಪಗಾರ ಇಳಿದರೆ, ಕೊಡುವುದನ್ನು ತಾನಾಗಿ ನಿಲ್ಲಿಸಬಾರದು. ಮೊತ್ತ ಬದಲಿಸಲು ಅದೇ ಕೋರ್ಟಿಗೆ ಅರ್ಜಿ ಕೊಡಬೇಕು. ಬೆಲೆ ಏರಿದರೆ ಹೆಂಡತಿಯೂ ಹೆಚ್ಚಿಗೆ ಕೇಳಬಹುದು. "ಖೋಲಿಯ ಹಪ್ತೆ ನಾನೇ ಕಟ್ಟುತ್ತಿದ್ದೇನೆ, ಅದನ್ನೇ ಪೋಟಗಿಯೆಂದು ಹಿಡಿಯಿರಿ" ಎನ್ನುವುದು, ಹುಕುಂನಲ್ಲಿಯೇ ಹಾಗೆ ಬರೆದಿದ್ದರೆ ಮಾತ್ರ ಸಲ್ಲುತ್ತದೆ. ಭಾವಮೈದುನನ ಕೈಯಲ್ಲಿ ಕೊಟ್ಟ ನಗದು ಹಣ ಕೋರ್ಟಿನಲ್ಲಿ ಕೊಟ್ಟಂತೆ ಆಗುವುದು ಕಷ್ಟ. ಬ್ಯಾಂಕಿನ ಮೂಲಕವೇ ಕಳಿಸಿ, ಯಾವ ತಿಂಗಳಿನದೆಂದು ಗುರುತು ಹಾಕಿಡಿ.

ವಕೀಲರ ಫೀಗೆ ಹಣವಿಲ್ಲದವರಿಗೆ ಪ್ರತಿ ಜಿಲ್ಲಾ ಕೋರ್ಟಿನಲ್ಲಿ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯುಂಟು. 1987ರ ಕಾಯಿದೆಯಂತೆ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಪುಕ್ಕಟೆ ವಕೀಲರನ್ನು ಕೊಡುತ್ತಾರೆ. ಅದೇ ಪಟ್ಟಿಯಲ್ಲಿ ಕಾರಖಾನೆಯ ಕಾರ್ಮಿಕನ ಹೆಸರೂ ಇದೆ.