ಅಳಿಯನ ಹಳೆ ಕಾರು, ಅಪ್ಪನ ಟ್ಯಾಕ್ಸಿ

ಅಮೆರಿಕಕ್ಕೆ ಹೋಗಿ ಬಂದವರು ನಯಾಗರ ಜಲಪಾತದ ಬಗ್ಗೆ ಬರೆಯುವುದು ವಾಡಿಕೆ. ಜಲಪಾತವನ್ನು ನಾನೂ ನೋಡಿ ಬಂದೆ. ಆದರೆ ರಜೆ ಹಾಕಿ ನ್ಯೂಜೆರ್ಸಿಯ ಅಕ್ಕನ ಮನೆಯಲ್ಲಿ ಕಳೆದ ಒಂದು ತಿಂಗಳಲ್ಲಿ ಮನಸ್ಸಿನಲ್ಲಿ ಉಳಿದದ್ದು ಅವಳ ಮಗನ ಕಾರಿನಡಿ ಟಾರ್ಚ್ ಹಿಡಿದು ಕೂತ ಮೂರು ದಿನಗಳು.

ಕಾರು 2002ರ ಬಿಎಂಡಬ್ಲ್ಯು ಎಂ3. ಎರಡೇ ಬಾಗಿಲು, ಆರು ಸಿಲಿಂಡರು, 3246 ಸಿಸಿ. ಅಳಿಯ ಮೂರು ವರ್ಷ ಉಳಿಸಿದ ಹಣದಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ನಾನು ಹೋದ ವಾರವೇ ಅದರ ಇಂಜಿನ್ ಆಯಿಲಿನ ಪರೀಕ್ಷೆಯ ವರದಿ ಬಂದಿತ್ತು. ಅಲ್ಲಿ ಬಳಸಿದ ಆಯಿಲನ್ನು ಸಣ್ಣ ಬಾಟಲಿಯಲ್ಲಿ ಲ್ಯಾಬಿಗೆ ಕಳುಹಿಸಿದರೆ ಅದರಲ್ಲಿ ಯಾವ ಲೋಹ ಎಷ್ಟಿದೆಯೆಂದು ಬರೆದು ಕೊಡುತ್ತಾರೆ, ನಮ್ಮ ರಕ್ತ ಪರೀಕ್ಷೆಯ ಹಾಗೆ. ಸೀಸ ಮತ್ತು ತಾಮ್ರ ಎರಡೂ ಹಿಂದಿನ ಸಲಕ್ಕಿಂತ ಏರಿದ್ದವು.

"ಮಾವ, ಬೇರಿಂಗ್ ಸವೆಯುತ್ತಿದೆ" ಎಂದ ಅಳಿಯ.

ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವುದು ಕನೆಕ್ಟಿಂಗ್ ರಾಡ್. ಅದರ ಕೆಳತುದಿಯಲ್ಲಿ ಅರ್ಧಚಂದ್ರದಂಥ ಎರಡು ತೆಳು ತಗಡುಗಳು ಸೇರಿ ಒಂದು ಬಳೆಯಾಗುತ್ತವೆ. ಇದೇ ರಾಡ್ ಬೇರಿಂಗ್. ನಮ್ಮ ಮುಂಬಯಿ ಮೆಕ್ಯಾನಿಕರು ಬಿಗ್ ಎಂಡ್ ಅನ್ನುತ್ತಾರೆ. ಹಿಂಬದಿ ಉಕ್ಕು, ಮೇಲೆ ತಾಮ್ರದ ಪದರ, ಅದರ ಮೇಲೆ ಸೀಸದ ಮೆತ್ತನೆಯ ಲೇಪ. ಓಡುವಾಗ ಲೋಹಕ್ಕೆ ಲೋಹ ತಾಗುವುದೇ ಇಲ್ಲ. ನಡುವೆ ಕೂದಲೆಳೆಗಿಂತಲೂ ತೆಳುವಾದ ಎಣ್ಣೆಯ ಪದರವೇ ಎಲ್ಲ ಭಾರವನ್ನೂ ಹೊರುತ್ತದೆ. ಈ ಇಂಜಿನ್ ನಿಮಿಷಕ್ಕೆ 8000 ಸುತ್ತು ತಿರುಗಬಲ್ಲದು, ಪಿಸ್ಟನ್ ಒಂದೊಂದು ಸಲಕ್ಕೆ ಓಡುವ ದೂರ 91 ಮಿ.ಮೀ. ಕ್ಯಾಲ್ಕ್ಯುಲೇಟರ್ ಹಿಡಿದು ಲೆಕ್ಕ ಹಾಕಿದೆ: ಸರಾಸರಿ ಸೆಕೆಂಡಿಗೆ 24 ಮೀಟರ್, ಅಂದರೆ ಗಂಟೆಗೆ ಸುಮಾರು 87 ಕಿ.ಮೀ. ಅದೂ ಸೆಕೆಂಡಿಗೆ 260ಕ್ಕೂ ಹೆಚ್ಚು ಸಲ ನಿಂತು, ದಿಕ್ಕು ತಿರುಗಿಸಿಕೊಂಡು! ನಮ್ಮ ಫಾಸ್ಟ್ ಲೋಕಲ್ ಕೂಡ ಸರಾಸರಿಯಲ್ಲಿ ಅಷ್ಟು ಓಡುವುದಿಲ್ಲ.

ಈ ಮಾದರಿಗೆ ಇದು ಹೊಸ ಕಾಯಿಲೆಯಲ್ಲ. 2001ರಿಂದ 2003ರವರೆಗಿನ ಕಾರುಗಳನ್ನು ಕಂಪೆನಿಯೇ ಕರೆಸಿಕೊಂಡು ಬೇರಿಂಗನ್ನು ಉಚಿತವಾಗಿ ಬದಲಿಸಿ ಕೊಟ್ಟಿತ್ತು. ಇದಕ್ಕೂ ಬದಲಿಸಿದ ರಸೀದಿ ಕಾಗದಪತ್ರಗಳ ನಡುವೆ ಇತ್ತು. (ಮೊದಲ ಮಾಲೀಕ ಯಾರೋ, ರಸೀದಿ ಇಟ್ಟುಕೊಂಡವನ ಮೇಲೆ ನನಗೆ ಗೌರವ.) ಆದರೆ ಅದಾಗಿ ಇಪ್ಪತ್ತು ವರ್ಷ ಕಳೆದಿದೆ.

ಅಕ್ಕನಿಗೆ ಇದೆಲ್ಲ ಬೇಡ. "ಶಬ್ದ ಬರುತ್ತಿಲ್ಲ, ಓಡುತ್ತಿದೆ, ಸುಮ್ಮನೆ ಯಾಕೆ ಬಿಚ್ಚುವುದು? ಯಾರಿಗಾದರೂ ಮಾರಿಬಿಡು" ಎಂದಳು. ಅಳಿಯನೂ ಹಾಗೇ ಯೋಚಿಸುತ್ತಿದ್ದನೋ ಏನೋ, ಸುಮ್ಮನಿದ್ದ.

"ಅಕ್ಕಾ, ಅಪ್ಪನ ಟ್ಯಾಕ್ಸಿ ಮರೆತೆಯಾ?" ಎಂದೆ.

ಅಪ್ಪ ಮಾಟುಂಗಾ ಸ್ಟ್ಯಾಂಡಿನಲ್ಲಿ ಪ್ರೀಮಿಯರ್ ಪದ್ಮಿನಿ ಓಡಿಸುತ್ತಿದ್ದರು. 1987ರ ಮಳೆಗಾಲದಲ್ಲಿ ಇಂಜಿನ್ 'ಠಕ್ ಠಕ್' ಅನ್ನತೊಡಗಿತು. ಬಿಗ್ ಎಂಡ್ ಹೋಗಿದೆ, ಓಡಿಸಬೇಡಿ ಎಂದು ಮೆಕ್ಯಾನಿಕ್ ಹೇಳಿದ್ದ. ಅಕ್ಕನ ಫೀಸು ಕಟ್ಟಿದ ಮೇಲೆ ಮಾಡಿಸೋಣವೆಂದು ಅಪ್ಪ ಹದಿನೈದು ದಿನ ಎಳೆದರು. ಸಯನ್ ಸೇತುವೆಯ ಮೇಲೆ ರಾಡ್ ತುಂಡಾಗಿ ಬ್ಲಾಕ್ ಒಡೆದು ಹೊರಬಂತು. ಬೇರಿಂಗಿನಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಇಡೀ ಇಂಜಿನ್ನೇ ಬೇಕಾಯಿತು. ಟ್ಯಾಕ್ಸಿ ಎರಡು ತಿಂಗಳು ಚಾಳಿನ ಎದುರು ನಿಂತಿತು. ಅಕ್ಕನ ಕಾಲೇಜು ನಿಲ್ಲಲಿಲ್ಲ. ನಾನು ಹಗಲು ಕೆಲಸಕ್ಕೆ ಸೇರಿ ಬಿಕಾಂ ಅನ್ನು ಸಂಜೆ ಕಾಲೇಜಿನಲ್ಲಿ ಮಾಡಿದೆ. ಅದರ ಬಗ್ಗೆ ನಾವಿಬ್ಬರೂ ಎಂದೂ ಮಾತಾಡಿದ್ದಿಲ್ಲ. ಅಕ್ಕ ಎದ್ದು ಅಡಿಗೆಮನೆಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಬಂದು, "ಸಾಮಾನು ತರಿಸು" ಎಂದು ಮಗನಿಗೆ ಹೇಳಿದಳು.

ಕೆಲಸ ಸಣ್ಣದಲ್ಲ. ಇಂಜಿನ್ನನ್ನು ಮೇಲಿನಿಂದ ಅಡ್ಡಪಟ್ಟಿಗೆ ತೂಗುಹಾಕಿ, ಅದರ ಕೆಳಗಿನ ಚೌಕಟ್ಟನ್ನು ಇಳಿಸಿದರೆ ಮಾತ್ರ ಆಯಿಲ್ ತೊಟ್ಟಿ ಹೊರಬರುತ್ತದೆ. ಮೊದಲ ದಿನವೆಲ್ಲ ಇದಕ್ಕೇ ಹೋಯಿತು. ಅನುಭವಸ್ಥನಾದ ಗೆಳೆಯನೊಬ್ಬ ಜೊತೆಗಿದ್ದ. ನನಗೆ ಸಿಕ್ಕಿದ್ದು ಗುಮಾಸ್ತನ ಕೆಲಸವೇ: ಒಂದರಿಂದ ಆರರವರೆಗೆ ಡಬ್ಬಿಗೆ ನಂಬರು ಹಾಕಿ, ಬಿಚ್ಚಿದ ತಗಡುಗಳನ್ನು ಮೇಲಿನದು, ಕೆಳಗಿನದು ಎಂದು ಬರೆದಿಡುವುದು. ರಾಡಿನ ಮುಚ್ಚಳ ಅದೇ ರಾಡಿಗೇ ಹೋಗಬೇಕು, ಅದೇ ದಿಕ್ಕಿನಲ್ಲಿ. ಅದಲುಬದಲಾದರೆ ಇಂಜಿನ್ ಮುಗಿದಂತೆ.

ಹನ್ನೆರಡು ತಗಡುಗಳಲ್ಲಿ ಹೆಚ್ಚಿನವು ಬೂದು ಬಣ್ಣದವು. ಎರಡನೆಯ ಸಿಲಿಂಡರಿನ ಮೇಲ್ಭಾಗದ್ದರಲ್ಲಿ ಸೀಸ ಹೋಗಿ ತಾಮ್ರ ಕೆಂಪಗೆ ಕಾಣುತ್ತಿತ್ತು. ಎಲ್ಲರೂ ಸುಮ್ಮನಾದೆವು. ಕ್ರ್ಯಾಂಕಿಗೂ ಗೀರು ಬಿದ್ದಿದ್ದರೆ ಹೊಸ ಬೇರಿಂಗ್ ಹಾಕಿ ಫಲವಿಲ್ಲ. ಗೆಳೆಯ ಒರೆಸಿ ಉಗುರಿನಿಂದ ಸವರಿ ನೋಡಿದ. ಉಗುರು ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

ಮರುದಿನ ಹೊಸ ತಗಡು ಕೂರಿಸಿ, ನಡುವೆ ಮೇಣದ ದಾರದಂಥ ಎಳೆಯೊಂದನ್ನಿಟ್ಟು ಮುಚ್ಚಳ ಬಿಗಿದು ಮತ್ತೆ ಬಿಚ್ಚಿದರು. ಎಳೆ ಎಷ್ಟು ಅಗಲಕ್ಕೆ ಚಪ್ಪಟೆಯಾಗಿದೆಯೋ ಅದರಿಂದ ಸಂದಿನ ಅಳತೆ ತಿಳಿಯುತ್ತದೆ. ಆರನ್ನೂ ಅಳೆದೆವು, ನಾನು ಬರೆದುಕೊಂಡೆ. ಕೊನೆಯ ಬಿಗಿತಕ್ಕೆ ಹೊಸ ಬೋಲ್ಟುಗಳೇ ಬೇಕು. ಬಿಗಿದಾಗ ಹಿಗ್ಗುವುದರಿಂದ ಹಳೆಯವನ್ನು ಮತ್ತೆ ಹಾಕುವಂತಿಲ್ಲ. ಮೊದಲು ನಿಗದಿತ ಬಿಗಿ, ಆಮೇಲೆ ಇಂತಿಷ್ಟು ಡಿಗ್ರಿ ತಿರುವು. ತಗಡಿನ ಬೆನ್ನು ಒಣಗಿರಬೇಕು, ಹೊಟ್ಟೆಗೆ ಮಾತ್ರ ಎಣ್ಣೆ.

ಮೂರನೆಯ ದಿನ ಸಂಜೆ ಹೊಸ 10ಡಬ್ಲ್ಯು-60 ಆಯಿಲ್ ತುಂಬಿ, ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು ಇಂಜಿನ್ನನ್ನು ಬರಿದೇ ತಿರುಗಿಸಿ ಎಣ್ಣೆ ಎಲ್ಲೆಡೆ ಹರಿಯುವಂತೆ ಮಾಡಿದ ಮೇಲೆಯೇ ಸ್ಟಾರ್ಟ್ ಮಾಡಿದ್ದು. ಎಣ್ಣೆಯ ಕೆಂಪು ದೀಪ ಆರಿತು. ಠಕ್ ಇಲ್ಲ.

ಈ ಕಾರಿನ ಮೀಟರಿನಲ್ಲಿ ಕಿತ್ತಳೆ ಬಣ್ಣದ ದೀಪಗಳ ಸಾಲಿದೆ. ಎಣ್ಣೆ ಬಿಸಿಯಾದಂತೆ ಅವು ಒಂದೊಂದಾಗಿ ಆರುತ್ತವೆ, ಅಲ್ಲಿಯತನಕ ಜೋರಾಗಿ ಓಡಿಸಬಾರದು. ಮೊದಲ ಸುತ್ತಿಗೆ ಅಕ್ಕ ಮುಂದೆ ಕೂತಳು, ನಾನು ಮೈ ಮಡಚಿಕೊಂಡು ಹಿಂದೆ. ಅಳಿಯ ಗೇರು ಬದಲಿಸಲು ಹೋದಾಗ ಅಕ್ಕ, "ತಡಿ, ಇನ್ನೂ ಎರಡು ದೀಪ ಉಂಟು" ಎಂದಳು.

ನಾನು ಮುಂಬಯಿಗೆ ಮರಳಿದ ಎರಡು ತಿಂಗಳಿಗೆ ಹೊಸ ಆಯಿಲಿನ ವರದಿಯ ಫೋಟೋ ವಾಟ್ಸಾಪ್‌ನಲ್ಲಿ ಬಂತು. ಸೀಸವೂ ತಾಮ್ರವೂ ಇಳಿದಿದ್ದವು. ಕಳುಹಿಸಿದ್ದು ಅಳಿಯನಲ್ಲ, ಅಕ್ಕ.