ಗಂಟು ಕಂಡರೆ ಮುಚ್ಚಿಡಬೇಡಿ



ಕ್ಯಾನ್ಸರ್ ಅನ್ನುವ ಹೆಸರು ಕೇಳಿದರೆ ಸಾಕು, ಎದೆ ಝಲ್ ಅನ್ನುತ್ತದೆ. "ಥೂ, ಆ ಹೆಸರು ಎತ್ತಬೇಡ" ಅಂತ ಮನೆಯ ಹಿರಿಯರು ಬಾಯಿ ಮುಚ್ಚಿಸುತ್ತಾರೆ. ಹೆಸರು ಹೇಳಿದರೆ ರೋಗ ಬರುವುದಿಲ್ಲ. ಹೇಳದೆ ಮುಚ್ಚಿಟ್ಟರೆ ಬಂದ ರೋಗ ಹೋಗುವುದೂ ಇಲ್ಲ. ಇವತ್ತು ಸ್ತನದ ಕ್ಯಾನ್ಸರ್ ಬಗ್ಗೆ ಬಿಚ್ಚಿ ಮಾತಾಡೋಣ.

ಕ್ಯಾನ್ಸರ್ ಅಂದರೆ ಏನು?

ನಮ್ಮ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳಿವೆ. ಅವು ಹುಟ್ಟುತ್ತವೆ, ಬೆಳೆಯುತ್ತವೆ, ಸಾಯುತ್ತವೆ. ಕೆಲವು ಸಲ ಒಂದು ಕಡೆಯ ಜೀವಕೋಶಗಳು ಲಗಾಮು ಇಲ್ಲದೆ ಬೆಳೆಯುತ್ತವೆ. ರಾಗಿ ಹೊಲದಲ್ಲಿ ಕಳೆ ಹಬ್ಬಿದ ಹಾಗೆ. ಇದೇ ಕ್ಯಾನ್ಸರ್. ಕಳೆಯನ್ನು ಸಣ್ಣದಿದ್ದಾಗಲೇ ಕೀಳಬೇಕು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ?

ಇದು ಅಂಟುರೋಗ ಅಲ್ಲ. ಜೊತೆಯಲ್ಲಿ ಉಂಡರೆ, ಮಲಗಿದರೆ, ಮಗುವನ್ನು ಎತ್ತಿಕೊಂಡರೆ ಬರುವುದಿಲ್ಲ. ಇದು ಯಾರ ಶಾಪವೂ ಅಲ್ಲ, ಯಾವ ಪಾಪದ ಫಲವೂ ಅಲ್ಲ.

ಯಾವಾಗ ಡಾಕ್ಟರಿಗೆ ತೋರಿಸಬೇಕು?

ಸ್ತನದಲ್ಲಿ ಅಥವಾ ಕಂಕುಳಲ್ಲಿ ಗಂಟು ಸಿಕ್ಕಿದರೆ.
ಸ್ತನದ ಚರ್ಮ ಗುಳಿ ಬಿದ್ದರೆ.
ತೊಟ್ಟು ಹೊಸದಾಗಿ ಒಳಗೆ ಎಳೆದುಕೊಂಡರೆ.
ತೊಟ್ಟಿನಿಂದ ರಕ್ತ ಬಂದರೆ.

"ನೋವಿಲ್ಲವಲ್ಲ, ಬಿಡು" ಅನ್ನಬೇಡಿ. ಕ್ಯಾನ್ಸರ್ ಗಂಟು ಮೊದಮೊದಲು ಬಹಳ ಸಲ ನೋಯುವುದೇ ಇಲ್ಲ. ಇನ್ನೊಂದು ಮಾತೂ ತಿಳಿದಿರಲಿ. ಸ್ತನದ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಯಾವುದು ಹೌದು, ಯಾವುದು ಅಲ್ಲ ಅಂತ ಪರೀಕ್ಷೆಯೇ ಹೇಳಬೇಕು.

30 ವರ್ಷ ದಾಟಿದವರ ಬಾಯಿ, ಸ್ತನ ಮತ್ತು ಗರ್ಭಕೋಶದ ಕೊರಳನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ ಮಾಡುತ್ತಾರೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.

ಪರೀಕ್ಷೆ ಹೇಗೆ?

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕ ನಾಲ್ಕು ತಿಂಗಳು ಗಂಟನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದರು. "ಗಂಡಸು ಡಾಕ್ಟರಿಗೆ ಎದೆ ತೋರಿಸೋದು ಹೆಂಗೆ ಮೇಡಮ್ಮೋರೆ?" ಅಂತ ಅವರ ಚಿಂತೆ. ನಾಚಿಕೆ ಸಹಜ. ಲೇಡಿ ಡಾಕ್ಟರು ಬೇಕು ಅಂತ ಕೇಳಬಹುದು. ನರ್ಸಮ್ಮನೋ ನಿಮ್ಮ ಕಡೆಯ ಹೆಂಗಸೋ ಪಕ್ಕದಲ್ಲಿ ಇರಲಿ ಅನ್ನಬಹುದು.

ಡಾಕ್ಟರು ಮೊದಲು ಕೈಯಿಂದ ಮುಟ್ಟಿ ನೋಡುತ್ತಾರೆ. ಆಮೇಲೆ ವಯಸ್ಸಿಗೆ ತಕ್ಕಂತೆ ಸ್ಕ್ಯಾನ್ ಅಥವಾ ಮ್ಯಾಮೊಗ್ರಾಮ್ ಮಾಡಿಸುತ್ತಾರೆ. ಮ್ಯಾಮೊಗ್ರಾಮ್ ಅಂದರೆ ಸ್ತನದ ಎಕ್ಸ್‌ರೇ. ಎರಡು ತಟ್ಟೆಗಳ ನಡುವೆ ಸ್ತನವನ್ನು ಒತ್ತಿ ಫೋಟೋ ತೆಗೆಯುತ್ತಾರೆ. ಒಂದೆರಡು ಗಳಿಗೆ ಸ್ವಲ್ಪ ನೋಯಬಹುದು. ಆ ಅಕ್ಕ ಬಂದು ಹೇಳಿದರು: "ಇಷ್ಟು ವರ್ಷ ನಾನು ರೊಟ್ಟಿ ತಟ್ಟಿದೆ. ಇವತ್ತು ಆ ಮಿಷನ್ನು ನನ್ನೇ ತಟ್ಟಿತು." ಎಲ್ಲರೂ ನಕ್ಕೆವು.

ಕೊನೆಗೆ ಸೂಜಿಯಿಂದ ಗಂಟಿನ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಇದಕ್ಕೆ ಬಯಾಪ್ಸಿ ಅನ್ನುತ್ತಾರೆ. "ಸೂಜಿ ತಾಗಿದರೆ ಕ್ಯಾನ್ಸರ್ ಹರಡುತ್ತೆ" ಅಂತ ಜನ ಹೆದರಿಸುತ್ತಾರೆ. ನಂಬಬೇಡಿ. ಈ ಪರೀಕ್ಷೆ ಇಲ್ಲದೆ ಸರಿಯಾದ ಚಿಕಿತ್ಸೆ ಇಲ್ಲ.

ಚಿಕಿತ್ಸೆ ಏನು?

ಮುಖ್ಯವಾಗಿ ಮೂರು ಬಗೆ.

ಒಂದು, ಆಪರೇಷನ್. ಎಲ್ಲರಿಗೂ ಸ್ತನ ಪೂರ್ತಿ ತೆಗೆಯಬೇಕಿಲ್ಲ. ಬೇಗ ಬಂದರೆ ಬಹಳ ಸಲ ಗಂಟನ್ನು ಮಾತ್ರ ತೆಗೆಯಬಹುದು.

ಎರಡು, ಕಿಮೋ. ಡ್ರಿಪ್ ಹಾಕಿ ಔಷಧಿ ಕೊಡುತ್ತಾರೆ. ವಾಕರಿಕೆ, ಸುಸ್ತು ಆಗಬಹುದು. ಎರಡು ಮೂರು ವಾರಕ್ಕೆ ಕೂದಲು ಉದುರಬಹುದು. ಚಿಕಿತ್ಸೆ ಮುಗಿದ ಮೇಲೆ ಕೂದಲು ಮತ್ತೆ ಬರುತ್ತದೆ. ಕಿಮೋ ನಡೆಯುವಾಗ ಜ್ವರ ಬಂದರೆ ಮಾತ್ರ ಕಾಯಬೇಡಿ. ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ.

ಮೂರು, ರೇಡಿಯೇಷನ್. ನಮ್ಮ ಜನ ಇದಕ್ಕೆ "ಕರೆಂಟು ಕೊಡೋದು" ಅನ್ನುತ್ತಾರೆ. ಇದು ಮನೆಯ ಕರೆಂಟು ಅಲ್ಲ, ಶಾಕ್ ಹೊಡೆಯುವುದಿಲ್ಲ. ಎಕ್ಸ್‌ರೇ ತರಹದ ಕಿರಣ. ದಿನಕ್ಕೆ ಕೆಲವೇ ನಿಮಿಷ, ಕೆಲವು ವಾರ.

ಸ್ವಲ್ಪ ವಾಸಿ ಅನ್ನಿಸಿತು ಅಂತ ಅರ್ಧಕ್ಕೆ ಬಿಡಬೇಡಿ. ಅರ್ಧ ಕಿತ್ತ ಕಳೆ ಮತ್ತೆ ಚಿಗುರುತ್ತದೆ.

ದೇವರು, ನಗು, ಔಷಧಿ

ಹರಕೆ ಹೊರುವುದು ತಪ್ಪಲ್ಲ. ಪ್ರಾರ್ಥನೆಯಿಂದ ಮನಸ್ಸಿಗೆ ಬಲ ಬರುತ್ತದೆ. ಆದರೆ "ಮೊದಲು ಹರಕೆ ತೀರಲಿ, ಆಮೇಲೆ ಆಸ್ಪತ್ರೆ" ಅನ್ನಬೇಡಿ. ನಾಟಿ ಔಷಧಿ ಅಂತ ತಿಂಗಳು ಕಳೆಯಬೇಡಿ. ಗಂಟು ನಮಗಾಗಿ ಕಾಯುವುದಿಲ್ಲ.

ಕೂದಲು ಉದುರಿದಾಗ ಆ ಅಕ್ಕ ಒಂದು ದಿನ ಪೂರ್ತಿ ಅತ್ತರು. ಮಾರನೇ ದಿನ ತಲೆಗೆ ಬಟ್ಟೆ ಕಟ್ಟಿಕೊಂಡು ಅಂದರು: "ಬೆಟ್ಟ ಹತ್ತದೆ ಮಾದಪ್ಪನಿಗೆ ಮುಡಿ ಕೊಟ್ಟಂಗಾಯ್ತು. ಎಣ್ಣೆ ಖರ್ಚೂ ಉಳೀತು, ಹೇನಿನ ಕಾಟವೂ ತಪ್ಪಿತು." ನಗುವಿನಿಂದ ರೋಗ ವಾಸಿಯಾಗುವುದಿಲ್ಲ. ಆದರೆ ನಗುವವರಿಗೆ ಮುಂದಿನ ಕಿಮೋಗೆ ಹೋಗುವ ಧೈರ್ಯ ಬರುತ್ತದೆ. ಅಳು ಬಂದರೆ ಅತ್ತುಬಿಡಿ, ಅದೂ ತಪ್ಪಲ್ಲ. ಮನೆಯವರೂ ಜೊತೆಗಿರಬೇಕು. "ಇವಳ ಕಥೆ ಮುಗೀತು" ಅನ್ನುವ ಮಾತು ರೋಗಕ್ಕಿಂತ ಕೆಟ್ಟದ್ದು.

ಎಲ್ಲಿಗೆ ಹೋಗಬೇಕು? ದುಡ್ಡು ಎಲ್ಲಿ?

ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತಾರೆ. ಬೆಂಗಳೂರಿನಲ್ಲಿ ಕಿದ್ವಾಯಿ ಆಸ್ಪತ್ರೆ ಇದೆ. ಇದು 1973ರಲ್ಲಿ ಶುರುವಾಯಿತು. ರೋಗಿಯ ಜೊತೆ ಬಂದವರು ಉಳಿಯಲು ಅಲ್ಲಿ ಧರ್ಮಶಾಲೆ ಇದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಈ ಯೋಜನೆ 2018ರಲ್ಲಿ ಬಂತು. ರೇಷನ್ ಕಾರ್ಡ್, ಆಧಾರ್ ಕಾರ್ಡ್ ಮರೆಯದೆ ತೆಗೆದುಕೊಂಡು ಹೋಗಿ.

ನೀವೀಗ ಓದಲು ಕಲಿತಿದ್ದೀರಿ. ಚೀಟಿಯಲ್ಲಿರುವ ಮುಂದಿನ ತಾರೀಖನ್ನು ನೀವೇ ಓದಿ. ಆಪರೇಷನ್‌ಗೆ ಮೊದಲು ಒಪ್ಪಿಗೆ ಕಾಗದ ಕೊಡುತ್ತಾರೆ. ಸುಮ್ಮನೆ ಹೆಬ್ಬೆಟ್ಟು ಒತ್ತಬೇಡಿ. ಓದಿ, ತಿಳಿಯದ್ದನ್ನು ಕೇಳಿ, ಆಮೇಲೆ ಸಹಿ ಹಾಕಿ.

ಗುಂಪಿನಲ್ಲಿ ಮಾತಾಡಿ:
1. ಗಂಟು ನೋಯದಿದ್ದರೂ ಯಾಕೆ ತೋರಿಸಬೇಕು?
2. ಬಯಾಪ್ಸಿ ಬಗ್ಗೆ ನಿಮ್ಮ ಊರಲ್ಲಿ ಜನ ಏನು ಹೇಳುತ್ತಾರೆ? ಅದು ನಿಜವೇ?
3. ನಿಮ್ಮ ಓಣಿಯಲ್ಲಿ 30 ದಾಟಿದವರು ಎಷ್ಟು ಜನ? ಪರೀಕ್ಷೆಗೆ ಯಾವ ದಿನ ಒಟ್ಟಿಗೆ ಹೋಗುತ್ತೀರಿ?