ನೆರೆಯವರ ಹಿತ್ತಲು

ವೈಶಾಖದ ಬಿಸಿಲು ಚಿತ್ರದುರ್ಗದ ಬಂಡೆಗಳನ್ನು ರೊಟ್ಟಿಯ ಹೆಂಚಿನಂತೆ ಕಾಯಿಸಿರುವ ದಿನಗಳಲ್ಲಿ, ಕೋಟೆಯ ತಪ್ಪಲಿನ ಓಣಿಯೊಂದರಲ್ಲಿ ನಡೆದುಹೋಗುವವನಿಗೆ ಮೋಟುಗೋಡೆಯಾಚೆ ಬಾಳೆಯ ಎರಡು ಹೊಸ ಸುಳಿಗಳೂ ಅವುಗಳ ನೆರಳಿನಲ್ಲಿ ಕೆಸುವಿನ ನಾಲ್ಕು ಎಲೆಗಳೂ ಕಣ್ಣಿಗೆ ಬಿದ್ದರೆ, ಅವನು ನಿಂತು ನೋಡಲೇಬೇಕು. ಆ ಹಸುರು ಅಲ್ಲಿಗೆ ಹೇಗೆ ಬಂದಿತೆಂದು ವಿಚಾರಿಸಲೇಬೇಕು. ವಿಚಾರಿಸಿದರೆ ತಿಳಿಯುವುದು ಇಷ್ಟು: ಬಚ್ಚಲಿನ ನೀರು ಮೊದಲು ಬಾಳೆಯ ಬುಡಕ್ಕೆ ಹರಿಯುತ್ತದೆ, ಅಲ್ಲಿ ಹೆಚ್ಚಾದುದು ಕೆಸುವಿನ ಪಾತಿಗೆ, ಅಲ್ಲಿಯೂ ಮಿಕ್ಕ ತೇವವನ್ನು ಗೋಡೆಯ ಮೂಲೆಯ ಕರಿಬೇವು ಹೀರಿಕೊಳ್ಳುತ್ತದೆ. ಈ ಉಪಾಯಕ್ಕೆ ಮೇಲ್ಪಂಕ್ತಿ ಆ ಮನೆಯ ಹಿಂದೆಯೇ ಇದೆ. ದುರ್ಗದ ಬಂಡೆಗಳ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡವನ್ನು ತುಂಬಿ, ತುಂಬಿದ ಮೇಲೆ ಅಕ್ಕ-ತಂಗಿ ಹೊಂಡಕ್ಕಿಳಿದು, ಅಲ್ಲಿಂದ ಸಿಹಿನೀರು ಹೊಂಡಕ್ಕೂ ಸಂತೆ ಹೊಂಡಕ್ಕೂ ಬರುವಂತೆ ಪೂರ್ವಿಕರು ಕಲ್ಲಿನಲ್ಲಿ ಕಟ್ಟಿದ ಕ್ರಮವನ್ನೇ ಈ ಮನೆಯ ಗೃಹಿಣಿ ತನ್ನ ಹಿತ್ತಲಿನ ಹತ್ತು ಮಾರು ನೆಲದಲ್ಲಿ ಮಣ್ಣಿನ ಕಾಲುವೆಯಿಂದ ಸಾಧಿಸಿದ್ದಾಳೆ.

ಉದ್ಯಾನಕಲೆಯನ್ನು ಅರಿಯಬೇಕೆಂಬ ಅಪೇಕ್ಷೆಯಿದ್ದವರು ಬೆಂಗಳೂರಿನ ಲಾಲ್‌ಬಾಗಿಗೆ ಹೋಗಿ, 1889ರಲ್ಲಿ ಅಡಿಗಲ್ಲು ಬಿದ್ದ ಆ ಗಾಜಿನ ಮನೆಯಲ್ಲಿ ಜನವರಿಗೂ ಆಗಸ್ಟಿಗೂ ನೆರೆಯುವ ಪುಷ್ಪಪ್ರದರ್ಶನವನ್ನು ನೋಡುವುದು ಯೋಗ್ಯವೇ ಸರಿ. ನಾನೂ ಅಲ್ಲಿ ಆನಂದದಿಂದ ಮೈಮರೆತಿದ್ದೇನೆ. ಆದರೆ ಅಲ್ಲಿ ನಾವು ಕಾಣುವುದು ಹೂವಿನ ಅತ್ಯಂತ ಶ್ರೇಷ್ಠವಾದ ಒಂದು ವಾರವನ್ನು. ನೆರೆಮನೆಯ ಹಿತ್ತಲಾದರೋ ತನ್ನ ವರ್ಷವನ್ನೆಲ್ಲ ನಮ್ಮೆದುರು ತೆರೆದಿಡುತ್ತದೆ. ನಮ್ಮ ಕೆಂಪು ಗರಸು ಮಣ್ಣಿನಲ್ಲಿ, ನಮ್ಮ ಕೊಳವೆಬಾವಿಯ ಗಡಸುನೀರನ್ನೇ ಕುಡಿದು, ಜೋಗಿಮಟ್ಟಿಯ ಕಡೆಯಿಂದ ಬೀಸುವ ಅದೇ ಗಾಳಿಗೆ ಮೈಯೊಡ್ಡಿ ಅಲ್ಲಿ ಬದುಕಿದ ಗಿಡವು ನಮ್ಮಲ್ಲಿಯೂ ಬದುಕೀತೆಂಬ ಭರವಸೆಯನ್ನು ಬೇರೆ ಯಾವ ಗ್ರಂಥವೂ ಕೊಡಲಾರದು. ಈ ಕಾರಣದಿಂದಲೇ ಪರರ ತೋಟವನ್ನು ನೋಡಲು ಬೇಸಗೆಯೇ ಪ್ರಶಸ್ತವಾದ ಕಾಲವೆಂದು ನನ್ನ ಅಭಿಪ್ರಾಯ. ಮಳೆಗಾಲದಲ್ಲಿ ಎಲ್ಲರ ಅಂಗಳವೂ ಚೆಲುವೇ; ಬಿಸಿಲಿನಲ್ಲಿ ಉಳಿದುದನ್ನು ಗುರುತಿಟ್ಟುಕೊಳ್ಳಬೇಕು.

ಹಿರಿಯೂರಿನಲ್ಲಿ ಹೀಗೆ ಉಳಿಯುವವು ಕಣಗಿಲೆ, ನಿತ್ಯಪುಷ್ಪ, ದಾಳಿಂಬೆ, ನುಗ್ಗೆ, ಮತ್ತು ದೂರದ ಬ್ರೆಜಿಲಿನಿಂದ ಬಂದು ನಮ್ಮದೇ ಆಗಿಹೋದ ಕಾಗದದ ಹೂವಿನ ಬಳ್ಳಿ. ನೀರಿನ ಬೆಲೆಯನ್ನು ಆ ಊರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಮೈಸೂರಿನ ಅರಸರು ಕಟ್ಟಿಸಿದ ವಾಣೀವಿಲಾಸಸಾಗರವು 1933ರಲ್ಲಿ ಒಮ್ಮೆ ಕೋಡಿ ಹರಿದ ಮೇಲೆ ಪುನಃ ಹರಿದದ್ದು 2022ರಲ್ಲಿ. ನಡುವೆ ಕಳೆದ ಎಂಬತ್ತೊಂಬತ್ತು ವರ್ಷಗಳಲ್ಲಿ ಎರಡು ತಲೆಮಾರುಗಳು ಕೋಡಿಯ ನೀರನ್ನು ಕಾಣದೆಯೇ ಹೂಗಿಡಗಳನ್ನು ಬೆಳೆಸಿದವು. ಅಂಥ ಕೈಗಳು ಸಾಕಿದ ಒಂದು ದುಂಡುಮಲ್ಲಿಗೆಯ ಪೊದೆಯನ್ನು ನೋಡುವಾಗ, ಬುಡಕ್ಕೆ ಹೊದಿಸಿದ ಕಡಲೆಕಾಯಿ ಸಿಪ್ಪೆಯನ್ನೂ, ಸಂಜೆ ಬಿಸಿಲಿಳಿದ ಮೇಲಷ್ಟೇ ನೀರೆರೆಯುವ ನಿಯಮವನ್ನೂ, ಚಳಿಗಾಲದಲ್ಲಿ ನಿರ್ದಾಕ್ಷಿಣ್ಯವಾಗಿ ಕತ್ತರಿಸಿದ ರೆಂಬೆಗಳ ಗುರುತನ್ನೂ ನೋಡದೆ ಮೊಗ್ಗನ್ನು ಮಾತ್ರ ನೋಡಿ ಬರುವವನು ಅರ್ಧವನ್ನು ಅಲ್ಲಿಯೇ ಬಿಟ್ಟು ಬಂದಂತೆ.

ಹೊಸದುರ್ಗದ ಕಡೆ ಗಮನಿಸಬೇಕಾದದ್ದು ಗಾಳಿಯನ್ನು. ಆಷಾಢದಲ್ಲಿ ಅದು ಹೀರೆಯ ಚಪ್ಪರವನ್ನೇ ಮಗುಚಬಲ್ಲುದಾದುದರಿಂದ, ಬಲ್ಲವರು ಬಳ್ಳಿಯನ್ನು ಮನೆಯ ಮರೆಯಲ್ಲಿ ಹಬ್ಬಿಸುತ್ತಾರೆ. ಹೊಳಲ್ಕೆರೆಗೆ ಹೋದರೆ ಪಾಠವೇ ಬೇರೆ: ಅಡಕೆ ತೆಂಗುಗಳ ನೆರಳು ಮನೆಯವರೆಗೂ ಚಾಚಿರುವಲ್ಲಿ ವೀಳ್ಯದೆಲೆಯೂ ಅರಿಶಿನವೂ ಸುಖವಾಗಿವೆ, ಬಿಸಿಲು ಬೇಡುವ ಚೆಂಡುಹೂ ಬೀದಿಯ ಬದಿಗೆ ಬಂದು ನಿಂತಿದೆ.

ನನಗೆ ಅತ್ಯಂತ ಉಪಕಾರ ಮಾಡಿದ ಹಿತ್ತಲು ನಮ್ಮ ಎದುರುಮನೆಯದು. ಒಂದು ವರ್ಷ ಕಾರ್ತಿಕ ಬಂದು, ಆ ಮನೆಯ ಸೇವಂತಿಗೆ ಹಳದಿಯ ರಾಶಿಯಾಗಿ ಅರಳಿ ನಿಂತಿದ್ದರೂ, ಅಲ್ಲಿಂದಲೇ ತಂದು ನೆಟ್ಟ ನನ್ನ ಸೇವಂತಿಗೆ ಸೊಂಪಾಗಿ ಎಲೆಬಿಟ್ಟಿತ್ತೇ ಹೊರತು ಒಂದು ಮೊಗ್ಗನ್ನೂ ಕಟ್ಟಲಿಲ್ಲ. ಗೊಬ್ಬರವನ್ನು ಬದಲಿಸಿದೆ, ಮಣ್ಣನ್ನು ಸಡಿಲಿಸಿದೆ; ಪ್ರಯೋಜನವಾಗಲಿಲ್ಲ. ಕೊನೆಗೊಂದು ರಾತ್ರಿ ಜಗುಲಿಯಲ್ಲಿ ಕುಳಿತು ಎದುರು ನೋಡುತ್ತಿದ್ದಾಗ, ಅವರ ಗಿಡಗಳು ಗಾಢವಾದ ಕತ್ತಲೆಯಲ್ಲಿ ಮುಳುಗಿರುವುದೂ, ನನ್ನ ಕುಂಡಗಳ ಮೇಲೆ ಜಗುಲಿಯ ದೀಪ ಇರುಳೆಲ್ಲ ಉರಿಯುತ್ತಿರುವುದೂ ಒಮ್ಮೆಗೇ ಹೊಳೆಯಿತು. ಹಗಲು ಕಿರಿದಾಗಿ ರಾತ್ರಿ ದೀರ್ಘವಾದಾಗ ಮಾತ್ರ ಮೊಗ್ಗುಕಟ್ಟುವ ಜಾತಿ ಸೇವಂತಿಗೆಯದು. ದೀಪದ ಬೆಳಕಿನಲ್ಲಿ ಅದಕ್ಕೆ ಚಳಿಗಾಲ ಬಂದುದೇ ತಿಳಿಯದು. ಮರುವರ್ಷ ಕುಂಡಗಳನ್ನು ಹಿತ್ತಲಿನ ಕತ್ತಲೆಗೆ ಸಾಗಿಸಿದೆ. ಮನೆಯವರು ದೇವರಿಗೆ ಏರಿಸಿ, ಮುಡಿದು, ಹಂಚಿದ ಮೇಲೂ ಮಿಗುವಷ್ಟು ಹೂ ಬಂದಿತು.

ನೋಡಿ ಮೆಚ್ಚಿದವನು ಕೇಳಲು ಸಂಕೋಚಪಡಬಾರದು. ನಮ್ಮ ಕಡೆ ಕಡ್ಡಿ, ಗೆಡ್ಡೆ, ಬೀಜಗಳನ್ನು ಕೇಳುವುದೂ ಕೊಡುವುದೂ ಗೌರವದ ಮಾತೇ ಆಗಿವೆ. ಪಕ್ಕದ ಮನೆಯ ಅಜ್ಜಿಯ ಸೂಜಿಮಲ್ಲಿಗೆಯನ್ನು ನಾನು ಬಿರುಬೇಸಗೆಯಲ್ಲಿ ಕೇಳಿದಾಗ, “ಈಗ ಬ್ಯಾಡ ಕಣಪ್ಪಾ, ಹಚ್ಚಿದ್ರೆ ಒಣಗ್ತದೆ. ಆರಿದ್ರೆ ಮಳೆ ಬೀಳ್ಲಿ, ಬಾ” ಎಂದು ಕಳುಹಿಸಿದರು. ಆರಿದ್ರೆ ಹುಟ್ಟಿತು. ಕಡ್ಡಿ ತರಲು ಹೊರಟವನು ಗೋಡೆಯ ಈಚೆ, ನಮ್ಮ ನೆಲದಲ್ಲಿಯೇ, ನಾನು ಬಿತ್ತದ ಆರೇಳು ಕನಕಾಂಬರದ ಸಸಿಗಳನ್ನು ಕಂಡು ಬೆರಗಾದೆ. ಕನಕಾಂಬರದ ಬಲಿತ ಕಾಯಿ ನೀರು ತಾಗಿದೊಡನೆ ಚಟ್ಟನೆ ಸಿಡಿದು ಬೀಜವನ್ನು ದೂರಕ್ಕೆ ಎಸೆಯುತ್ತದೆ. ಮುಂಗಾರಿನ ಮೊದಲ ಹನಿಗಳಿಗೇ ಅಜ್ಜಿಯ ಗಿಡ ಗೋಡೆ ದಾಟಿತ್ತು. ಈ ಸಂಗತಿಯನ್ನು ತಿಳಿಸಿ, ಸಸಿಗಳನ್ನು ಕಿತ್ತುತಂದು ಕೊಡಲೇ ಎಂದು ಕೇಳಿದೆ.

“ಅಲ್ಲೇ ಇರ್ಲಿ ಬಿಡು” ಎಂದು ಅಜ್ಜಿ ಸೂಜಿಮಲ್ಲಿಗೆಯ ಮೂರು ಕಡ್ಡಿಗಳನ್ನು ಒದ್ದೆಯ ಗೋಣಿತಾಟಿನಲ್ಲಿ ಸುತ್ತಿ ನನ್ನ ಕೈಗಿತ್ತರು. “ನಿಮ್ಮ ಸೇವಂತಿಗೆ ಬುಡದಾಗೆ ಮರಿ ಒಡೆದಾವಂತಲ್ಲ, ಬರೋವಾಗ ಎಲ್ಡು ತಗಂಬಾ.”